ಬಾಗಿಲಿನ ದಿಕ್ಕು, ಬಿಸಿಲಿನ ಲೆಕ್ಕ

ಸೈಟು ಕೊಂಡವರನ್ನು ನೆಂಟರಿಷ್ಟರು ಮೊದಲು ಕೇಳುವ ಪ್ರಶ್ನೆ ಬೆಲೆಯದಲ್ಲ, ದಿಕ್ಕಿನದು. ‘ಯಾವ ಕಡೆಗೆ ಮುಖ?’ ಮೂಡಲಿಗೆ ಎಂದರೆ ಕೇಳಿದವರ ಮುಖ ಅರಳುತ್ತದೆ. ಬಡಗಲಿಗೆ ಎಂದರೂ ಸಮಾಧಾನವೇ. ಪಡುವಲಿಗೆ ಎಂದರೆ ‘ಇರಲಿ ಬಿಡಿ’ ಎಂಬ ಸಾಂತ್ವನ. ತೆಂಕಲಿಗೆ ಎಂದರೆ ಮಾತು ಬೇರೆ ಕಡೆಗೆ ಹೊರಳುತ್ತದೆ.

ಮದ್ದೂರಿನಂಥ ಊರಿನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಲು ಹೊರಟ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಬ್ಯಾಂಕಿನ ಸಾಲ ಮಂಜೂರಾಗಿದೆ. ಮೇಜಿನ ಮೇಲೆ ನಕ್ಷೆ ಹರಡಿದೆ. ಹತ್ತನೆಯ ತರಗತಿಗೆ ಬಂದಿರುವ ಮಗಳು ಬಗ್ಗಿ ನೋಡುತ್ತಾಳೆ.

“ಅಪ್ಪಾ, ನನ್ನ ರೂಮು ಯಾವ ಕಡೀಕೆ ಬತ್ತದೆ?”

“ಹಿಂದ್ಗಡೆ, ಪಡುವಲ ಕಡೀಕೆ ಕಣವ್ವ. ಬಾಗ್ಲು ಮೂಡ್ಲಾಗೆ ಬಂದದಲ್ಲ, ಇನ್ನೇನ್ ಬೇಕು?”

ತಂದೆಯ ದೃಷ್ಟಿಯಲ್ಲಿ ದಿಕ್ಕಿನ ವಿಚಾರ ಅಲ್ಲಿಗೆ ಮುಗಿಯಿತು. ಬಿಸಿಲಿನ ದೃಷ್ಟಿಯಲ್ಲಿ ಅದು ಶುರುವಾಗುವುದೇ ಅಲ್ಲಿಂದ. ಪರೀಕ್ಷೆ ಹತ್ತಿರವಾಗುವ ಮಾರ್ಚ್ ತಿಂಗಳಲ್ಲಿ, ಸಂಜೆ ಆ ಹುಡುಗಿ ಓದಲು ಕೂರುವ ಕೋಣೆಯ ಗೋಡೆ ಎಷ್ಟು ಕಾದಿರುತ್ತದೆ? ರಾತ್ರಿ ಹತ್ತಕ್ಕೆ ಮಲಗಿದಾಗ ಅದು ಎಷ್ಟು ಆರಿರುತ್ತದೆ? ಮೂಡಲ ಬಾಗಿಲು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಉತ್ತರ ಕೊಡುವ ಲೆಕ್ಕವೊಂದು ಇದೆ. ದೊಡ್ಡ ಕಟ್ಟಡಗಳನ್ನು ವಿನ್ಯಾಸ ಮಾಡುವವರು ಅದನ್ನು ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಅದರ ತಿರುಳನ್ನು ಹೈಸ್ಕೂಲು ವಿದ್ಯಾರ್ಥಿಯೂ ಕಾಗದದ ಮೇಲೆ ಮಾಡಿ ನೋಡಬಹುದು.

ಹನ್ನೆರಡೂವರೆ ಡಿಗ್ರಿಯ ಸೂರ್ಯ

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮಕರ ಮತ್ತು ಕರ್ಕಾಟಕ ಸಂಕ್ರಾಂತಿ ವೃತ್ತಗಳ ನಡುವೆ ಇರುವುದರಿಂದ ಸೂರ್ಯ ಇಲ್ಲಿ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ. ಒಮ್ಮೆ ಏಪ್ರಿಲ್ 23ರ ಆಸುಪಾಸಿನಲ್ಲಿ, ಮತ್ತೊಮ್ಮೆ ಆಗಸ್ಟ್ 19ರ ಆಸುಪಾಸಿನಲ್ಲಿ. ಆ ದಿನಗಳ ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ.

ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲು ನೆಟ್ಟು ಇದನ್ನು ನೋಡಬಹುದು. ನಡುಹಗಲಿನ ನೆರಳು ಡಿಸೆಂಬರ್ 22ರ ಸುಮಾರಿಗೆ 72 ಸೆಂಟಿಮೀಟರ್ ಉದ್ದವಾಗಿ ಉತ್ತರಕ್ಕೆ ಬೀಳುತ್ತದೆ. ಮಾರ್ಚ್ 21ಕ್ಕೆ ಅದು 22 ಸೆಂಟಿಮೀಟರಿಗೆ ಇಳಿಯುತ್ತದೆ. ಜೂನ್ 21ಕ್ಕೆ 19 ಸೆಂಟಿಮೀಟರ್, ಆದರೆ ಈ ಸಲ ದಕ್ಷಿಣಕ್ಕೆ! ಒಂದು ಎಚ್ಚರಿಕೆ: ನಮ್ಮ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಸಮಯವನ್ನು ತೋರಿಸುತ್ತದೆ. ಮಂಡ್ಯ ಅದಕ್ಕಿಂತ ಐದೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಆದುದರಿಂದ ಇಲ್ಲಿ ನಿಜವಾದ ನಡುಹಗಲು ಸರಾಸರಿ 12 ಗಂಟೆ 22 ನಿಮಿಷಕ್ಕೆ ಆಗುತ್ತದೆ. ಋತುವಿಗೆ ತಕ್ಕಂತೆ ಕಾಲು ಗಂಟೆಯಷ್ಟು ಹಿಂದುಮುಂದಾಗುತ್ತದೆ.

ಈಗ ಗೋಡೆಗಳ ವಿಚಾರ. ಬಿಸಿಲು ಒಂದು ಮೈಯನ್ನು ಎಷ್ಟು ಕಾಯಿಸುತ್ತದೆ ಎಂಬುದು ಕಿರಣ ಅದಕ್ಕೆ ಎಷ್ಟು ನೇರವಾಗಿ ತಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಕಿರಣಕ್ಕೆ ಎದುರಾಗಿ ಹಿಡಿದ ಹಲಗೆಗೆ ಬೀಳುವ ಬಿಸಿಲನ್ನು 100 ಎಂದುಕೊಳ್ಳಿ. ಮಾರ್ಚ್ 21ರ ನಡುಹಗಲಿನಲ್ಲಿ ತಾರಸಿಗೆ 98ರಷ್ಟು ಬಿಸಿಲು, ದಕ್ಷಿಣದ ಗೋಡೆಗೆ 22, ಪೂರ್ವ ಪಶ್ಚಿಮದ ಗೋಡೆಗಳಿಗೆ ಸೊನ್ನೆ. ಅದೇ ದಿನ ಸೂರ್ಯನ ಲೆಕ್ಕದ ನಾಲ್ಕು ಗಂಟೆಗೆ, ಅಂದರೆ ನಮ್ಮ ಗಡಿಯಾರದ ನಾಲ್ಕೂವರೆಗೆ, ಚಿತ್ರ ತಿರುಗುಮುರುಗಾಗುತ್ತದೆ. ತಾರಸಿಗೆ 49, ದಕ್ಷಿಣದ ಗೋಡೆಗೆ 11, ಪಶ್ಚಿಮದ ಗೋಡೆಗೆ 87! ಸೂರ್ಯ ತಗ್ಗಿದಷ್ಟೂ ಪಶ್ಚಿಮದ ಗೋಡೆಗೆ ನೇರವಾಗುತ್ತಾನೆ. ನಮ್ಮ ಮಗಳ ಕೋಣೆ ಇರುವುದು ಆ ಗೋಡೆಯ ಹಿಂದೆ.

ವಿದೇಶಿ ಪುಸ್ತಕಗಳಲ್ಲಿ ‘ದಕ್ಷಿಣಕ್ಕೆ ದೊಡ್ಡ ಕಿಟಕಿ ಇಡಿ’ ಎಂಬ ಸಲಹೆ ಕಾಣುತ್ತದೆ. ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿ ಮಾತ್ರ ಮೇಲಿರುತ್ತಾನೆ. ಅಲ್ಲಿಯವರಿಗೆ ಬಿಸಿಲು ಒಳಗೆ ಬರಬೇಕು. ನಮಗೆ ಅದೇ ದಿನ 54 ಡಿಗ್ರಿಯ ಸೂರ್ಯ. ಅಲ್ಲಿನ ಸೂತ್ರವನ್ನು ಇಲ್ಲಿಗೆ ಹಾಗೆಯೇ ತರಲಾಗದು.

ಕಂಪ್ಯೂಟರಿನಲ್ಲಿ ತಿರುಗುವ ಮನೆ

1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಂಥ ದೇಶಗಳಿಗೆ ಕಟ್ಟಡಗಳು ಎಷ್ಟು ಶಕ್ತಿ ನುಂಗುತ್ತವೆ ಎಂಬ ಚಿಂತೆ ಹತ್ತಿತು. ಕಟ್ಟುವ ಮೊದಲೇ ಕಟ್ಟಡದ ಬಿಸಿ-ತಂಪು, ವಿದ್ಯುತ್ ಖರ್ಚುಗಳನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವ ವಿದ್ಯೆ ಬೆಳೆಯಿತು. ಇದಕ್ಕೆ ‘ಸಿಮ್ಯುಲೇಷನ್’ ಎಂದು ಹೆಸರು. ‘ಡಿಒಇ-2’, ‘ಬ್ಲಾಸ್ಟ್’ ಎಂಬ ಹಳೆಯ ತಂತ್ರಾಂಶಗಳ ಗುಣಗಳನ್ನು ಕೂಡಿಸಿ ಅಮೆರಿಕದ ಇಂಧನ ಇಲಾಖೆ 2001ರಲ್ಲಿ ‘ಎನರ್ಜಿಪ್ಲಸ್’ ಎಂಬುದನ್ನು ಹೊರತಂದಿತು. ಅದು ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಳಸಬಹುದು.

ತಂತ್ರಾಂಶಕ್ಕೆ ಮೊದಲು ಊರಿನ ಹವೆಯನ್ನು ಹೇಳಬೇಕು. ವರ್ಷದ 365 ದಿನ, ದಿನಕ್ಕೆ 24 ಗಂಟೆ, ಒಟ್ಟು 8,760 ಗಂಟೆಗಳ ಉಷ್ಣಾಂಶ, ತೇವ, ಗಾಳಿ, ಬಿಸಿಲು ಇರುವ ಕಡತ ಅದು. ಆ ಊರಿನದೇ ಕಡತ ಇಲ್ಲದಿದ್ದರೆ ಹತ್ತಿರದ, ಹವೆ ಹೋಲುವ ಊರಿನದನ್ನು ಬಳಸುತ್ತಾರೆ. ಅನಂತರ ಗೋಡೆಯ ದಪ್ಪ, ಇಟ್ಟಿಗೆಯ ಬಗೆ, ಕಿಟಕಿಯ ಅಳತೆ, ಗಾಜಿನ ಗುಣ, ತಾರಸಿಯ ಬಣ್ಣ, ಮನೆಯಲ್ಲಿ ಎಷ್ಟು ಜನ ಯಾವ ಹೊತ್ತಿನಲ್ಲಿ ಇರುತ್ತಾರೆ ಎಂಬುದನ್ನೆಲ್ಲ ತುಂಬಬೇಕು. ತಂತ್ರಾಂಶ ಒಂದೊಂದು ಗಂಟೆಗೂ ಸೂರ್ಯನ ಸ್ಥಾನ ಗುರುತಿಸಿ, ಯಾವ ಗೋಡೆಗೆ ಎಷ್ಟು ಬಿಸಿಲು, ಅದರಲ್ಲಿ ಒಳಗೆ ಬಂದದ್ದೆಷ್ಟು, ಕೋಣೆ ಎಷ್ಟು ಕಾಯಿತು ಎಂದು ಲೆಕ್ಕ ಹಾಕುತ್ತದೆ. ಹೀಗೆ 8,760 ಸಲ.

ಈ ಎಲ್ಲ ಮಾಹಿತಿಯ ನಡುವೆ ಒಂದು ಪುಟ್ಟ ಖಾನೆಯಿದೆ. ಕಟ್ಟಡದ ನಕ್ಷೆ ನಿಜವಾದ ಉತ್ತರದಿಂದ ಎಷ್ಟು ಡಿಗ್ರಿ ತಿರುಗಿದೆ ಎಂಬುದನ್ನು ಅಲ್ಲಿ ಬರೆಯಬೇಕು. ಅಲ್ಲಿರುವ ಸೊನ್ನೆಯನ್ನು ಅಳಿಸಿ 90 ಎಂದರೆ ಇಡೀ ಮನೆ ಕಾಲು ಸುತ್ತು ತಿರುಗುತ್ತದೆ. ಇಟ್ಟಿಗೆ, ಗಾಜು, ಜನ, ಹವೆ ಯಾವುದೂ ಬದಲಾಗುವುದಿಲ್ಲ. ಆದರೂ ಉತ್ತರ ಬದಲಾಗುತ್ತದೆ.

ದಿಕ್ಕಿನ ಈ ಪ್ರಭಾವ ಎಷ್ಟು ಮುಖ್ಯವೆಂದರೆ, ಅಮೆರಿಕದ ‘ಆಶ್ರೇ’ ಸಂಸ್ಥೆಯ 90.1 ಎಂಬ ಮಾನದಂಡದಲ್ಲಿ ಇದಕ್ಕೆಂದೇ ಒಂದು ವಿಧಾನವಿದೆ. ಹೊಸ ಕಟ್ಟಡವನ್ನು ಹೋಲಿಸಲು ಒಂದು ಸಾಧಾರಣ ಕಟ್ಟಡವನ್ನು ಕಲ್ಪಿಸಿಕೊಂಡು, ಅದನ್ನು ಇದ್ದ ದಿಕ್ಕಿನಲ್ಲಿ ಒಮ್ಮೆ, ಮತ್ತೆ 90, 180, 270 ಡಿಗ್ರಿ ತಿರುಗಿಸಿ ಒಟ್ಟು ನಾಲ್ಕು ಸಲ ಲೆಕ್ಕ ಮಾಡಿ ಸರಾಸರಿ ತೆಗೆಯುತ್ತಾರೆ. ಆಗ ಹೋಲಿಕೆಯ ಕಟ್ಟಡಕ್ಕೆ ದಿಕ್ಕಿನ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಳ್ಳೆಯ ದಿಕ್ಕನ್ನು ಆರಿಸಿದ ವಿನ್ಯಾಸಕಾರನಿಗೆ ಸಲ್ಲಬೇಕಾದ ಅಂಕ ಸಲ್ಲುತ್ತದೆ.

ಮೂರು ರಸ್ತೆ, ಮೂರು ಉತ್ತರ

ಭಾರತದಲ್ಲೂ ಇಂಥ ಲೆಕ್ಕಕ್ಕೆ ನಿಯಮಗಳಿವೆ. ಇಂಧನ ದಕ್ಷತಾ ಬ್ಯೂರೋ ವಾಣಿಜ್ಯ ಕಟ್ಟಡಗಳಿಗಾಗಿ 2007ರಲ್ಲಿ ಒಂದು ಸಂಹಿತೆಯನ್ನು ತಂದಿತು. ವಾಸದ ಕಟ್ಟಡಗಳಿಗಾಗಿ 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಬಂದಿತು. ಅದು ರೂಪುಗೊಂಡದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಕಟ್ಟಡಗಳಿಗೆ. 30-40ರ ಸೈಟು ಸುಮಾರು 111 ಚದರ ಮೀಟರ್ ಮಾತ್ರ. ಅದರ ಮಾಲೀಕರು ಈ ಸಂಹಿತೆಗೆ ಹೆದರಬೇಕಿಲ್ಲ. ಆದರೆ ಅದರಲ್ಲಿರುವ ಗುಣಾಂಕಗಳು ಎಲ್ಲರಿಗೂ ಉಪಯುಕ್ತ. ಸೂರ್ಯನ ನೇರ ಕಿರಣ, ಆಕಾಶದಿಂದ ಹರಡಿ ಬರುವ ಬೆಳಕು ಎರಡನ್ನೂ ಸೇರಿಸಿ, ಯಾವ ದಿಕ್ಕಿನ ಗೋಡೆಗೆ ಎಷ್ಟು ತೂಕ ಕೊಡಬೇಕೆಂದು ಅವು ಹೇಳುತ್ತವೆ.

ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವ ಊರುಗಳಿಗೆ ಈ ಗುಣಾಂಕಗಳು ಸ್ಥೂಲವಾಗಿ ಹೀಗಿವೆ: ಉತ್ತರ 0.66, ದಕ್ಷಿಣ 0.97, ಪೂರ್ವ ಮತ್ತು ಪಶ್ಚಿಮ ತಲಾ 1.16. ಮೂಲೆಗಳಲ್ಲಿ ಈಶಾನ್ಯ ಮತ್ತು ವಾಯವ್ಯ 0.91, ಆಗ್ನೇಯ 1.13, ನೈಋತ್ಯ 1.12. ಉತ್ತರದ್ದು ಸೊನ್ನೆಯಲ್ಲ ಎಂಬುದನ್ನು ಗಮನಿಸಿ. ನಾಲ್ಕು ತಿಂಗಳ ಬಿಸಿಲು ಮತ್ತು ವರ್ಷವಿಡೀ ಆಕಾಶದ ಬೆಳಕು ಅದಕ್ಕೂ ಇದೆ.

ಈ ಸಂಖ್ಯೆಗಳನ್ನು ಹಿಡಿದು ಜಿಲ್ಲೆಯ ಭೂಪಟವನ್ನು ನೋಡೋಣ. ಮದ್ದೂರಿನಿಂದ ಮಳವಳ್ಳಿಗೆ ಗೆರೆ ಎಳೆದರೆ ಅದು ಬಹುಮಟ್ಟಿಗೆ ನೇರ ದಕ್ಷಿಣಕ್ಕೆ ಇಳಿಯುತ್ತದೆ. ಆ ಗೆರೆಯ ಗುಂಟ ಸಾಗುವ ರಸ್ತೆಯ ಇಕ್ಕೆಲದ ಮನೆಗಳು ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡುತ್ತವೆ. ಮದ್ದೂರಿನಿಂದ ಮಂಡ್ಯಕ್ಕೆ ಗೆರೆ ಎಳೆದರೆ ಅದು ಸ್ವಲ್ಪ ದಕ್ಷಿಣಕ್ಕೆ ವಾಲಿ ಪಶ್ಚಿಮಕ್ಕೆ ಸಾಗುತ್ತದೆ. ಅಲ್ಲಿನ ಮನೆಗಳ ಮುಖ ಸ್ಥೂಲವಾಗಿ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ. ಮಂಡ್ಯದಿಂದ ಮಳವಳ್ಳಿಗೆ ಎಳೆದ ಗೆರೆ ಆಗ್ನೇಯಕ್ಕೆ ಓರೆಯಾಗಿ ಹೋಗುತ್ತದೆ. ಅಲ್ಲಿ ಮನೆಗಳ ಮುಖ ಈಶಾನ್ಯ ಅಥವಾ ನೈಋತ್ಯಕ್ಕೆ. ರಸ್ತೆಗಳು ಅಲ್ಲಲ್ಲಿ ಬಳುಕುತ್ತವೆ, ನಿಜ. ಲೆಕ್ಕದ ಅನುಕೂಲಕ್ಕೆ ಅವನ್ನು ನೇರವೆಂದೇ ಇಟ್ಟುಕೊಳ್ಳೋಣ.

ಈ ಮೂರೂ ರಸ್ತೆಗಳಲ್ಲಿ ಒಂದೇ ಬಗೆಯ ಮನೆ ಇರಲಿ. ರಸ್ತೆಗೆ 20 ಅಡಿಯ ಮುಖ, ಒಳಕ್ಕೆ 40 ಅಡಿ ಉದ್ದ. ಸುತ್ತ ಬಯಲು ಇರುವ ತೋಟದ ಮನೆ ಎನ್ನಿ. ಪ್ರತಿ ಗೋಡೆಯ ಉದ್ದವನ್ನು ಅದರ ದಿಕ್ಕಿನ ಗುಣಾಂಕದಿಂದ ಗುಣಿಸಿ ಕೂಡಿಸಿದರೆ ಮಳವಳ್ಳಿ ರಸ್ತೆಯ ಮನೆಗೆ ಬರುವುದು 111.6. ಅದರ ಉದ್ದದ ಗೋಡೆಗಳು ಉತ್ತರ ದಕ್ಷಿಣಕ್ಕಿವೆ. ಮಂಡ್ಯ ರಸ್ತೆಯ ಮನೆಗೆ 125.4. ಅದರ ಉದ್ದದ ಗೋಡೆಗಳು ಪೂರ್ವ ಪಶ್ಚಿಮಕ್ಕಿವೆ. ಓರೆ ರಸ್ತೆಯ ಮನೆಗೆ ಸುಮಾರು 122. ಮೊದಲನೆಯದಕ್ಕಿಂತ ಎರಡನೆಯದು ಶೇಕಡಾ 12ರಷ್ಟು ಹೆಚ್ಚು ಬಿಸಿಲನ್ನು ಹೊರುತ್ತದೆ. ಓರೆ ರಸ್ತೆಯ ಮನೆಯನ್ನು ಕಾಲು ಸುತ್ತು ತಿರುಗಿಸಿದರೂ ಉತ್ತರ 122ರ ಸುತ್ತಲೇ ನಿಲ್ಲುತ್ತದೆ. ನಾಲ್ಕೂ ಕಡೆ 30 ಅಡಿ ಇರುವ ಚೌಕ ಮನೆಯನ್ನು ಹೀಗೆ ಕಾಲು ಸುತ್ತು ತಿರುಗಿಸಿದರೆ ವ್ಯತ್ಯಾಸವೇ ಇಲ್ಲ.

ಈಗ ಊರೊಳಗಿನ ಪರಿಸ್ಥಿತಿ ನೋಡೋಣ. ಬಡಾವಣೆಯಲ್ಲಿ ಮನೆಯ ಎರಡೂ ಪಕ್ಕಕ್ಕೆ ಅಷ್ಟೇ ಎತ್ತರದ ಮನೆಗಳು, ನಡುವೆ ಮೂರು ನಾಲ್ಕು ಅಡಿಯ ಓಣಿ. ಉದ್ದದ ಗೋಡೆಗಳಿಗೆ ಬಿಸಿಲು ತಾಗುವುದೇ ಅಪರೂಪ. ಬಿಸಿಲು ಕಾಣುವುದು ಮುಂದಿನ ಮತ್ತು ಹಿಂದಿನ ಗೋಡೆಗಳು ಮಾತ್ರ, ಕಿಟಕಿಗಳೂ ಅಲ್ಲೇ. ಈಗ ಆ ಎರಡರ ಗುಣಾಂಕಗಳನ್ನು ಮಾತ್ರ ಕೂಡಿಸಿ. ಮಂಡ್ಯ ರಸ್ತೆಯ ಮನೆಗೆ 0.66 ಮತ್ತು 0.97 ಸೇರಿ 1.63. ಓರೆ ರಸ್ತೆಗೆ 2.03. ಮಳವಳ್ಳಿ ರಸ್ತೆಗೆ 1.16ರ ಎರಡರಷ್ಟು, ಅಂದರೆ 2.32. ಬಯಲಿನಲ್ಲಿ ಎಲ್ಲಕ್ಕಿಂತ ತಂಪಾಗಿದ್ದ ಮನೆ ಬೀದಿಯಲ್ಲಿ ಎಲ್ಲಕ್ಕಿಂತ ಬಿಸಿಯಾಯಿತು! ಕಿಟಕಿಗಳ ಮೇಲಿನ ಬಿಸಿಲಿನ ಹೊರೆ ಮಂಡ್ಯ ರಸ್ತೆಯ ಮನೆಗಿಂತ ಶೇಕಡಾ 42ರಷ್ಟು ಹೆಚ್ಚು. ಮನೆ ಅದೇ, ಬಾಗಿಲಿನ ದಿಕ್ಕೂ ಅದೇ. ಬದಲಾದದ್ದು ನೆರೆಮನೆ.

ಆದುದರಿಂದ ‘ಯಾವ ದಿಕ್ಕಿನ ಮನೆ ತಂಪು?’ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ‘ಯಾವ ಗೋಡೆ, ಯಾವ ಕಿಟಕಿ ಬಿಸಿಲಿಗೆ ಒಡ್ಡಿಕೊಂಡಿದೆ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಸೊನ್ನೆ ಮಾಡುವ ಅನಾಹುತ

ತಂತ್ರಾಂಶ ಬಳಸುವವರೂ ಎಡವುವುದು ಇಲ್ಲಿಯೇ. ಮೊದಲ ತಪ್ಪು, ನೆರೆಮನೆಗಳನ್ನು ತುಂಬದೆ ಬಿಡುವುದು. ಕಂಪ್ಯೂಟರಿನ ಮಟ್ಟಿಗೆ ಆ ಮನೆ ಬಟಾಬಯಲಿನಲ್ಲಿ ನಿಂತಿರುತ್ತದೆ. ಮೇಲಿನ ಲೆಕ್ಕದಲ್ಲಿ ಕಂಡಂತೆ ಉತ್ತರ ತಲೆಕೆಳಗಾಗಲು ಅಷ್ಟು ಸಾಕು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಮನೆಯ ನಕ್ಷೆಯನ್ನು ಬಹಳ ಮಂದಿ ರಸ್ತೆ ಹಾಳೆಯ ಕೆಳಗಡೆ ಬರುವಂತೆ ಬರೆಯುತ್ತಾರೆ. ಮೂಡಲ ಬಾಗಿಲಿನ ಮನೆಯಾದರೆ ಹಾಳೆಯ ಕೆಳಗಡೆ ಪೂರ್ವ, ಮೇಲ್ಗಡೆ ಪಶ್ಚಿಮ. ಉತ್ತರದ ಖಾನೆಯಲ್ಲಿರುವ ಸೊನ್ನೆಯನ್ನು ಮುಟ್ಟದೆ ಬಿಟ್ಟರೆ ಹಾಳೆಯ ಮೇಲ್ಗಡೆಯೇ ಉತ್ತರವೆಂದು ಕಂಪ್ಯೂಟರ್ ತಿಳಿಯುತ್ತದೆ. ಪಶ್ಚಿಮದ ಕಿಟಕಿಯನ್ನು ಉತ್ತರದ್ದೆಂದೂ, ಪೂರ್ವದ್ದನ್ನು ದಕ್ಷಿಣದ್ದೆಂದೂ ಲೆಕ್ಕ ಹಾಕುತ್ತದೆ. 2.32 ಇರಬೇಕಾದ ಕಡೆ 1.63 ಬರುತ್ತದೆ. ಹೊರೆ ಶೇಕಡಾ 30ರಷ್ಟು ಕಡಿಮೆಯಾಗಿ ಕಾಣುತ್ತದೆ. ಬಣ್ಣಬಣ್ಣದ ನಕ್ಷೆಗಳೊಂದಿಗೆ ಅಚ್ಚಾಗಿ ಬಂದ ವರದಿಯನ್ನು ಅನುಮಾನಿಸುವವರು ಯಾರು? ಕೇಳಿದ್ದಕ್ಕೆ ಕಂಪ್ಯೂಟರ್ ಸರಿಯಾಗಿಯೇ ಉತ್ತರಿಸಿದೆ. ಕೇಳಿದ್ದೇ ತಪ್ಪು.

ನಿಜವಾದ ಉತ್ತರವನ್ನು ಕಂಡುಹಿಡಿಯುವುದು ಕಷ್ಟವಲ್ಲ. ನಮ್ಮ ಕಡೆ ದಿಕ್ಸೂಚಿಯ ಮುಳ್ಳಿಗೂ ನಿಜವಾದ ಉತ್ತರಕ್ಕೂ ಅಂತರ ಒಂದೆರಡು ಡಿಗ್ರಿ ಮಾತ್ರ. ಮನೆಯ ಲೆಕ್ಕಕ್ಕೆ ಅದು ನಗಣ್ಯ. ಆದರೆ ಕಬ್ಬಿಣದ ಕಂಬಿಗಳ ಹತ್ತಿರ ಮುಳ್ಳನ್ನು ನಂಬಬಾರದು. ಅದಕ್ಕಿಂತ ಚೆನ್ನಾದ ವಿಧಾನವೊಂದು ಸೂರ್ಯಸಿದ್ಧಾಂತದಲ್ಲೇ ಇದೆ. ಸಮತಟ್ಟಾದ ನೆಲದಲ್ಲಿ ಒಂದು ವೃತ್ತ ಬರೆದು, ಅದರ ಕೇಂದ್ರದಲ್ಲಿ ಶಂಕು, ಅಂದರೆ ನೆಟ್ಟಗಿನ ಕೋಲನ್ನು ನಿಲ್ಲಿಸಬೇಕು. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಬರುವ ಬಿಂದುವನ್ನೂ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿ ಹೊರಹೋಗುವ ಬಿಂದುವನ್ನೂ ಗುರುತಿಸಬೇಕು. ಎರಡನ್ನೂ ಸೇರಿಸುವ ಗೆರೆಯೇ ಪೂರ್ವ-ಪಶ್ಚಿಮ. ಪಾಯ ತೋಡುವ ಮೊದಲು ಮಕ್ಕಳು ಒಂದು ಭಾನುವಾರ ಇದನ್ನು ಮಾಡಬಹುದು.

ಬೆಳಗಿನ ಬಿಸಿಲು, ಸಂಜೆಯ ಬಿಸಿಲು

ಗುಣಾಂಕದಲ್ಲಿ ಪೂರ್ವ ಪಶ್ಚಿಮಗಳು ಸಮ. ವಾಸಿಸುವವರಿಗೆ ಸಮವಲ್ಲ. ಪೂರ್ವದ ಗೋಡೆಗೆ ಬಿಸಿಲು ಬೀಳುವುದು ಬೆಳಗ್ಗೆ, ರಾತ್ರಿಯ ತಂಪು ಇನ್ನೂ ಉಳಿದಿರುವಾಗ. ಪಶ್ಚಿಮದ ಗೋಡೆಗೆ ಬೀಳುವುದು ಹೊರಗಿನ ಗಾಳಿಯೂ ಅತಿಹೆಚ್ಚು ಕಾದಿರುವ ಹೊತ್ತಿನಲ್ಲಿ. ಒಂಬತ್ತು ಇಂಚಿನ ಇಟ್ಟಿಗೆಯ ಗೋಡೆ ಹೀರಿದ ಬಿಸಿ ಒಳಮೈಗೆ ತಲುಪಲು ಹಲವು ಗಂಟೆ ಬೇಕು. ನಾಲ್ಕು ಗಂಟೆಯ ಬಿಸಿಲು ರಾತ್ರಿ ಊಟವಾದ ಮೇಲೆ ಕೋಣೆಯೊಳಗೆ ಬರುತ್ತದೆ. ವರ್ಷದ ಸರಾಸರಿಯಲ್ಲಿ ಇದು ಕಾಣುವುದಿಲ್ಲ. ಗಂಟೆಗಂಟೆಗೂ ಲೆಕ್ಕ ಹಾಕುವ ಸಿಮ್ಯುಲೇಷನ್ನಿನಲ್ಲಿ ಕಾಣುತ್ತದೆ. ಹಗಲಿನಲ್ಲಿ ಮಾತ್ರ ನಡೆಯುವ ಶಾಲೆಗೂ, ರಾತ್ರಿ ಮಲಗುವ ಮನೆಗೂ ಒಂದೇ ದಿಕ್ಕಿನ ಕೋಣೆ ಬೇರೆಬೇರೆ ಫಲ ಕೊಡುವುದು ಇದರಿಂದಲೇ.

ಫಲವನ್ನು ಓದುವಾಗಲೂ ಎಚ್ಚರ ಬೇಕು. ಎ.ಸಿ. ಇರುವ ಕಚೇರಿಯಲ್ಲಿ ತಪ್ಪು ದಿಕ್ಕು ಕರೆಂಟ್ ಬಿಲ್ಲಿನಲ್ಲಿ ಕಾಣಿಸುತ್ತದೆ. ಫ್ಯಾನ್ ಮಾತ್ರ ಇರುವ ಮನೆಯಲ್ಲಿ ಬಿಲ್ಲು ಹೆಚ್ಚು ಬದಲಾಗದು. ಫ್ಯಾನು ಕಾದ ಗಾಳಿಯನ್ನೇ ತಿರುಗಿಸುತ್ತಿರುತ್ತದೆ. ಅಂಥ ಮನೆಗೆ ಯೂನಿಟ್ಟುಗಳ ಬದಲು ‘ಕೋಣೆ ಎಷ್ಟು ಗಂಟೆ ಸಹಿಸಲಾಗದಷ್ಟು ಕಾದಿತ್ತು’ ಎಂದು ಕೇಳಬೇಕು. ಇಲ್ಲವಾದರೆ ದಿಕ್ಕಿನಿಂದ ಏನೂ ವ್ಯತ್ಯಾಸವಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ನೂರು ವರ್ಷಗಳಿಂದ ವಿದ್ಯುತ್ತಿನ ಬೆಲೆ ಬಲ್ಲ ನೆಲ ಇದು. ಇಲ್ಲಿ ಕಟ್ಟುವ ಮನೆಗಳು ನಾಳೆ ಎ.ಸಿ. ಬೇಡದಂತೆ ಇಂದೇ ಯೋಚಿಸುವುದು ಜಾಣತನ.

ಬಿಸಿಲಿನ ಜೊತೆಗೆ ಗಾಳಿಯನ್ನೂ ನೆನೆಯಬೇಕು. ಮುಂಗಾರಿನ ಗಾಳಿ ನಮಗೆ ಬರುವುದು ಪಶ್ಚಿಮ, ನೈಋತ್ಯದಿಂದ. ಬಿಸಿಲಿಗೆ ಹೆದರಿ ಆ ಕಡೆಯನ್ನು ಪೂರ್ತಿ ಮುಚ್ಚಿದರೆ ಗಾಳಿಯೂ ನಿಂತೀತು. ಇಂಥ ಪೇಚನ್ನು ಬಿಡಿಸಿದ ಒಂದು ಕಟ್ಟಡ ಬೆಂಗಳೂರಿನ ದೊಮ್ಮಲೂರಿನಲ್ಲಿದೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ ಟೆರಿ ಸಂಸ್ಥೆಯ ಕಟ್ಟಡ. ಆ ನಿವೇಶನದ ದಕ್ಷಿಣಕ್ಕೆ ದುರ್ವಾಸನೆಯ ಮೋರಿ, ಗಾಳಿ ಬೀಸುವುದೂ ಅದೇ ಕಡೆಯಿಂದ. ಕಟ್ಟಡ ದಕ್ಷಿಣಕ್ಕೆ ಬೆನ್ನು ಮಾಡಿ ನಿಂತಿತು. ಆ ಕಡೆಯ ಗೋಡೆಗೆ ಕಪ್ಪು ಕಡಪಾ ಕಲ್ಲು ಹೊದಿಸಿ, ಹಿಂದೆ ಟೊಳ್ಳು ಜಾಗ ಬಿಟ್ಟರು. ಬಿಸಿಲಿಗೆ ಕಲ್ಲು ಕಾದಾಗ ಟೊಳ್ಳಿನ ಗಾಳಿ ಮೇಲೇರಿ ಹೊರಹೋಗುತ್ತದೆ. ಆ ಜಾಗ ತುಂಬಲು ಉತ್ತರದ ಕಡೆಯಿಂದ ಒಳ್ಳೆಯ ಗಾಳಿ ಕೋಣೆಗಳ ಮೂಲಕ ಹರಿದುಬರುತ್ತದೆ. ಬೇಡದ ಬಿಸಿಲನ್ನೇ ಅಲ್ಲಿ ಕೆಲಸಕ್ಕೆ ಹಚ್ಚಲಾಗಿದೆ.

ಕಟ್ಟಿ ಆಗಿದೆ, ಈಗೇನು?

ಕಟ್ಟಿದ ಮನೆಯನ್ನು ತಿರುಗಿಸಲಾಗದು. ಆದರೆ ಮೂರು ಉಪಾಯಗಳಿವೆ.

ಮೊದಲನೆಯದು ತಾರಸಿ. ಮನೆಯನ್ನು ಯಾವ ಕಡೆಗೆ ತಿರುಗಿಸಿದರೂ ತಾರಸಿಗೆ ಬೀಳುವ ಬಿಸಿಲು ಅಷ್ಟೇ. ಒಂದೇ ಅಂತಸ್ತಿನ ಮನೆಗೆ ಬಿಸಿಯ ದೊಡ್ಡ ಪಾಲು ಬರುವುದು ಮೇಲಿನಿಂದ. ಗೋಡೆಗಳ ಗುಣಾಂಕದಲ್ಲಿ ಇದು ಸೇರಿಲ್ಲ. ಸಂಹಿತೆ ಅದಕ್ಕೆ ಪ್ರತ್ಯೇಕ ಮಿತಿಯನ್ನೇ ಇಟ್ಟಿದೆ. ಬೇಸಿಗೆಗೆ ಮುನ್ನ ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಯುವುದು ಎಲ್ಲ ದಿಕ್ಕಿನ ಮನೆಗಳಿಗೂ ಒಪ್ಪುವ ಮದ್ದು.

ಎರಡನೆಯದು ಕಿಟಕಿಯ ನೆರಳು. ಎರಡು ಅಡಿಯ ಸಜ್ಜಾ ದಕ್ಷಿಣದ ಕಿಟಕಿಯ ಮೇಲಿದ್ದರೆ ಮಾರ್ಚ್ 21ರ ನಡುಹಗಲಿನಲ್ಲಿ ಅದರ ನೆರಳು ಒಂಬತ್ತು ಅಡಿ ಕೆಳಗಿನವರೆಗೆ ಬೀಳುತ್ತದೆ. ಡಿಸೆಂಬರಿನಲ್ಲಿ ಎರಡೂಮುಕ್ಕಾಲು ಅಡಿ. ಚಳಿಗಾಲದ ಎಳೆ ಬಿಸಿಲು ಸ್ವಲ್ಪ ಒಳಬಂದರೆ ಹಿತವೇ. ಅದೇ ಸಜ್ಜಾ ಪಶ್ಚಿಮದ ಕಿಟಕಿಯ ಮೇಲಿದ್ದರೆ ಮಾರ್ಚಿನ ನಾಲ್ಕೂವರೆಗೆ ಅದರ ನೆರಳು ಒಂದು ಅಡಿಗಿಂತ ತುಸು ಹೆಚ್ಚು, ಅಷ್ಟೇ. ತ್ರಿಕೋನಮಿತಿ ಕಲಿಯುತ್ತಿರುವವರು ಸ್ಪರ್ಶಕದ ಕೋಷ್ಟಕ ಹಿಡಿದು ಇದನ್ನು ಪರೀಕ್ಷಿಸಬಹುದು. ಪಶ್ಚಿಮಕ್ಕೆ ಬೇಕಾದದ್ದು ಸಜ್ಜಾ ಅಲ್ಲ. ಹೊರಗಡೆ ಕಟ್ಟುವ ಬಿದಿರಿನ ತಡಿಕೆ, ಜಾಲಂಧ್ರ ಅಥವಾ ಮರ. ಎತ್ತರಕ್ಕೆ ಬೆಳೆದ ತೆಂಗಿನ ಗರಿಗಳ ಕೆಳಗೆ ಸಂಜೆ ಬಿಸಿಲು ಸುಲಭವಾಗಿ ನುಸುಳುತ್ತದೆ. ಹೊಂಗೆಯಂಥ ದಟ್ಟ ಮರವೇ ಲೇಸು.

ಮೂರನೆಯದು ಕೋಣೆಗಳ ಅದಲುಬದಲು. ಸಾಮಾನು ಕೋಣೆ, ಬಚ್ಚಲು, ಮಹಡಿ ಮೆಟ್ಟಿಲುಗಳು ಪಶ್ಚಿಮದ ಬಿಸಿಯನ್ನು ತಡೆದುಕೊಳ್ಳಲಿ. ಓದುವ, ಮಲಗುವ ಕೋಣೆಗಳು ಅದರ ಮರೆಯಲ್ಲಿರಲಿ.

ಇವುಗಳಲ್ಲಿ ಯಾವುದೂ ಬಾಗಿಲನ್ನು ಮುಟ್ಟುವುದಿಲ್ಲ ಎಂಬುದನ್ನು ಹಿರಿಯರು ಗಮನಿಸಬೇಕು. ಮೂರೂವರೆ ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲು ಸುಮಾರು 25 ಚದರ ಅಡಿ. ಅದು ಮನೆತನದ ಪದ್ಧತಿಯಂತೆ ಯಾವ ಕಡೆಗಾದರೂ ಇರಲಿ. ಮನೆಯ ಬಿಸಿಯನ್ನು ನಿರ್ಧರಿಸುವಷ್ಟು ದೊಡ್ಡದಲ್ಲ. ನಂಬಿಕೆಗೂ ಲೆಕ್ಕಕ್ಕೂ ಇಲ್ಲಿ ಜಗಳವಿಲ್ಲ.

ಮತ್ತೆ ಆ ಮೇಜಿಗೆ ಬರೋಣ. ನಕ್ಷೆ ಇನ್ನೂ ಕಾಗದದ ಮೇಲೇ ಇದೆ, ಪಾಯ ಬಿದ್ದಿಲ್ಲ. ಮೆಟ್ಟಿಲನ್ನೂ ಬಚ್ಚಲನ್ನೂ ಪಡುವಲ ಅಂಚಿಗೆ ಸರಿಸಿ, ಮಗಳ ಕೋಣೆಯನ್ನು ಅವುಗಳ ಮರೆಗೆ ತರಲು ಬೇಕಾದದ್ದು ಒಂದು ರಬ್ಬರು, ಒಂದು ಪೆನ್ಸಿಲು, ಅರ್ಧ ಗಂಟೆಯ ಸಮಯ. ಗೋಡೆ ಎದ್ದ ಮೇಲೆ ಅದೇ ಬದಲಾವಣೆಗೆ ಲಕ್ಷಗಟ್ಟಲೆ ಬೇಕು. ಸಾಲದ ಕಂತು ಮುಗಿಯುವವರೆಗೂ, ಆಮೇಲೂ, ಆ ಗೋಡೆ ಪ್ರತಿ ಬೇಸಿಗೆಯಲ್ಲಿ ಕಾಯುತ್ತಲೇ ಇರುತ್ತದೆ.

“ಬಾಗ್ಲು ಮೂಡ್ಲಾಗೇ ಇರ್ಲಿ ಕಣಪ್ಪ,” ಎಂದು ಮಗಳು ಹೇಳಿಯಾಳು. “ನನ್ನ ರೂಮಿನ ಕಿಟ್ಕಿ ಬಡಗ್ಲಾಗೆ ಮಾಡ್ಸು.”

ಅಷ್ಟು ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ ತಂದೆಗಿದ್ದರೆ, ಆ ಮನೆಯ ದಿಕ್ಕು ಸರಿಯಾದಂತೆಯೇ.